ಹೊಸ ಬ್ರೇಕ್ ಹಾಕಿಸಿದರೆ ಸಾಲದು, ಪಳಗಿಸಬೇಕು

ಮಾನ್ವಿಯ ಗ್ಯಾರೇಜಿನಲ್ಲಿ ಕಾರಿನ ಮುಂದಿನ ಗಾಲಿಗಳಿಗೆ ಹೊಸ ಡಿಸ್ಕು, ಹೊಸ ಪ್ಯಾಡು ಹಾಕಿಸಿಕೊಂಡು ರಾಯಚೂರು ರಸ್ತೆ ಹಿಡಿದವರಿಗೆ ನೀರಮಾನ್ವಿ ಬರುವಷ್ಟರಲ್ಲಿ ಅನುಮಾನ ಶುರುವಾಗುತ್ತದೆ. ಪೆಡಲ್ ಒತ್ತಿದರೂ ಬ್ರೇಕ್ ಹಿಂದಿನಂತೆ ಹಿಡಿಯುತ್ತಿಲ್ಲ. ‘ನಕಲಿ ಮಾಲು ಹಾಕಿದ್ದೀರಿ’ ಎಂದು ಫೋನ್ ಮಾಡಿದರೆ ಮೆಕ್ಯಾನಿಕ್‌ನ ಉತ್ತರ ಸಿದ್ಧ: ‘ಓಡಸ್ರಿ ಅಣ್ಣಾರ, ತಾನ ಸರಿ ಆಗ್ತದ.’

ಮಾಲು ನಕಲಿ ಆಗಿರಬೇಕಿಲ್ಲ. ಹಾಗೆಂದು ಹೇಗೆ ಓಡಿಸಿದರೂ ಸರಿಹೋಗುತ್ತದೆ ಎನ್ನುವುದೂ ನಿಜವಲ್ಲ. ಹೊಸ ಡಿಸ್ಕಿನ ಮೈಮೇಲೆ ಕಾರ್ಖಾನೆಯಲ್ಲಿ ಕಡೆದಾಗ ಉಳಿದ ಸಣ್ಣ ಗೆರೆಗಳಿರುತ್ತವೆ. ಪ್ಯಾಡು ಆ ಗೆರೆಗಳ ಏಣುಗಳಿಗಷ್ಟೇ ತಾಗುತ್ತದೆ. ಎರಡೂ ಸಮನಾಗಿ ಸವೆದು ಕೂಡಿಕೊಳ್ಳಬೇಕು. ಜೊತೆಗೆ ಶಾಖಕ್ಕೆ ಪ್ಯಾಡಿನ ಪದಾರ್ಥ ಸ್ವಲ್ಪ ಬಿಟ್ಟುಕೊಂಡು ಡಿಸ್ಕಿನ ಮೇಲೆ ತೆಳುವಾದ ಪದರವಾಗಿ ಕೂರಬೇಕು. ಹೊಸ ದೋಸೆಹಂಚನ್ನು ಪಳಗಿಸಿದ ಹಾಗೆ. ಆ ಪದರ ಸಮನಾಗಿ ಕೂತರೆ ಬ್ರೇಕ್ ಗಟ್ಟಿಯಾಗಿ ಹಿಡಿಯುತ್ತದೆ, ಚುಕ್ಕೆಚುಕ್ಕೆಯಾಗಿ ಕೂತರೆ ಹಾಳಾಗುತ್ತದೆ.

ತಪ್ಪು ಕಲ್ಪನೆ: ಹೊಸ ಬ್ರೇಕ್ ಮೊದಲ ಗಳಿಗೆಯಿಂದಲೇ ಪೂರ್ತಿ ಹಿಡಿಯುತ್ತದೆ.

ಸತ್ಯ: ಮೊದಲ ಗಳಿಗೆಯೇ ಹೆಚ್ಚು ಅಪಾಯದ್ದು. ಹೊಸ ಪ್ಯಾಡು ಕೂರಿಸಲು, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತಾರೆ. ಹಾಗಾಗಿ ಮೊದಲ ಸಲ ಒತ್ತಿದರೆ ಪೆಡಲ್ ನೆಲದವರೆಗೂ ಇಳಿಯಬಹುದು. ಗಾಡಿ ಕದಲಿಸುವ ಮೊದಲೇ, ಪೆಡಲ್ ಗಟ್ಟಿಯಾಗುವ ತನಕ ಪಂಪ್ ಮಾಡಬೇಕು. ಮೊದಲ 200–300 ಕಿಲೋಮೀಟರ್ ಮುಂದಿನ ಗಾಡಿಯಿಂದ ಹೆಚ್ಚು ಅಂತರ ಬಿಡಬೇಕು. ಸುಗ್ಗಿಯಲ್ಲಿ ರಸ್ತೆಯ ಮೇಲೇ ಭತ್ತ ಒಣಹಾಕುವ, ದೀಪವಿಲ್ಲದ ಟ್ರಾಲಿ ಎದುರಾಗುವ ಈ ಸೀಮೆಯಲ್ಲಂತೂ ಇದು ಮರೆಯಬಾರದ ಮಾತು.

ತಪ್ಪು ಕಲ್ಪನೆ: ನೂರರ ವೇಗಕ್ಕೆ ಏರಿಸಿ ಗಕ್ಕನೆ ನಿಲ್ಲಿಸಿದರೆ ಒಂದೇ ಏಟಿಗೆ ಪಳಗುತ್ತದೆ.

ಸತ್ಯ: ವೇಗ ಎರಡು ಪಟ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅಷ್ಟೂ ಒಮ್ಮೆಲೇ ಶಾಖವಾದರೆ ಪ್ಯಾಡನ್ನು ಬಂಧಿಸಿದ ರಾಳ ಮೇಲಕ್ಕೆ ಬಂದು ಗಾಜಿನ ಹೊಳಪು ಕಟ್ಟುತ್ತದೆ. ಆಮೇಲೆ ಬ್ರೇಕ್ ಜಾರುತ್ತದೆ, ಕಿರುಗುಟ್ಟುತ್ತದೆ.

ಶಾಖ ಬೇಕು, ಆದರೆ ಮೆಟ್ಟಿಲು ಮೆಟ್ಟಿಲಾಗಿ ಬೇಕು. ಬೆಳಗಿನ ಜಾವ, ಹಿಂದೆ ಮುಂದೆ ಗಾಡಿಯಿಲ್ಲದ ನೆಟ್ಟನೆಯ ರಸ್ತೆ ನೋಡಿಕೊಳ್ಳಿ. 60 ಕಿಲೋಮೀಟರ್ ವೇಗದಿಂದ 15ರವರೆಗೆ ಹದವಾಗಿ, ಎಬಿಎಸ್ ಏಳದಂತೆ ಬ್ರೇಕ್ ಒತ್ತಿ. ಪೂರ್ತಿ ನಿಲ್ಲಿಸಬೇಡಿ. ಮತ್ತೆ ನಿಧಾನಕ್ಕೆ ವೇಗ ಹೆಚ್ಚಿಸಿ, ಅರ್ಧ ಕಿಲೋಮೀಟರ್ ಬ್ರೇಕ್ ಮುಟ್ಟದೆ ಓಡಿಸಿ. ಹೀಗೆ ಎಂಟು ಹತ್ತು ಸಲ ಮಾಡಿದರೆ ಸಾಮಾನ್ಯ ಕಾರಿಗೆ ಸಾಕು. ಪ್ಯಾಡಿನ ಡಬ್ಬಿಯಲ್ಲಿ ಬೇರೆ ಕ್ರಮ ಅಚ್ಚಾಗಿದ್ದರೆ ಅದನ್ನೇ ಪಾಲಿಸಿ.

ತಪ್ಪು ಕಲ್ಪನೆ: ಬಿಸಿಯಾದ ಬ್ರೇಕಿಗೆ ಗಾಡಿ ನಿಲ್ಲಿಸಿ, ನೀರು ಹೊಡೆದು ತಣ್ಣಗಾಗಿಸಬೇಕು.

ಸತ್ಯ: ಕಾದ ಡಿಸ್ಕಿನ ಮೇಲೆ ಪ್ಯಾಡನ್ನು ಒತ್ತಿಹಿಡಿದು ನಿಂತರೆ ಆ ಒಂದೇ ಜಾಗದಲ್ಲಿ ಪ್ಯಾಡಿನ ಪದಾರ್ಥ ದಪ್ಪಗೆ ಅಂಟಿಕೊಳ್ಳುತ್ತದೆ. ನೀರು ಬಿದ್ದರೆ ಎರಕದ ಕಬ್ಬಿಣದ ಡಿಸ್ಕು ಒಂದು ಕಡೆ ತಣ್ಣಗಾಗಿ ಇನ್ನೊಂದು ಕಡೆ ಬಿಸಿಯಾಗಿಯೇ ಉಳಿಯುತ್ತದೆ. ಸರಿಯಾದ ದಾರಿ ಎಂದರೆ ಗಾಳಿ. ಇನ್ನೊಂದು ಎಂಟು ಹತ್ತು ಕಿಲೋಮೀಟರ್ ಬ್ರೇಕ್ ಆದಷ್ಟು ಕಡಿಮೆ ಬಳಸಿ ಓಡಿಸಿದರೆ ತಾನೇ ತಣಿಯುತ್ತದೆ.

ತಪ್ಪು ಕಲ್ಪನೆ: ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗಿದರೆ ಡಿಸ್ಕ್ ಸೊಟ್ಟಗಾಗಿದೆ ಎಂದೇ ಅರ್ಥ.

ಸತ್ಯ: ಡಿಸ್ಕ್ ಶಾಖಕ್ಕೆ ಬಾಗಿರುವುದು ಅಪರೂಪ. ಬಹುಪಾಲು ಅದರ ದಪ್ಪ ಒಂದೊಂದು ಕಡೆ ಒಂದೊಂದು ತರ ಆಗಿರುತ್ತದೆ. ಮಿಲಿಮೀಟರಿನ ನೂರರಲ್ಲಿ ಎರಡು ಪಾಲಿನಷ್ಟು ವ್ಯತ್ಯಾಸವೂ ಕೈಗೆ ಗೊತ್ತಾಗಬಹುದು. ಸರಿಯಾಗಿ ಪಳಗದ ಪದರ ಅದಕ್ಕೊಂದು ಕಾರಣ. ಇನ್ನೊಂದು ಗ್ಯಾರೇಜಿನಲ್ಲೇ ಹುಟ್ಟುತ್ತದೆ. ಹೊಲದ ದಾರಿಯಲ್ಲಿ ಓಡಾಡುವ ಗಾಡಿಯ ಹಬ್ ಮೇಲೆ ಎರೆಮಣ್ಣು, ತುಕ್ಕು ಕಟ್ಟಿಕೊಂಡಿರುತ್ತವೆ. ಅವನ್ನು ತಂತಿಬ್ರಷ್‌ನಿಂದ ಉಜ್ಜಿ ತೆಗೆಯದೆ ಡಿಸ್ಕ್ ಕೂರಿಸಿದರೆ ಅದು ಓರೆಯಾಗಿ ತಿರುಗುತ್ತದೆ. ಓರೆಯಾಗಿ ತಿರುಗುವ ಡಿಸ್ಕು ಪ್ಯಾಡಿಗೆ ಒಂದೇ ಕಡೆ ತಾಗಿ ತಾಗಿ ಸವೆದು, ಕೆಲವು ಸಾವಿರ ಕಿಲೋಮೀಟರ್ ಆದಮೇಲೆ ನಡುಕ ತೋರಿಸುತ್ತದೆ. ಗಾಲಿಯ ನಟ್ಟುಗಳನ್ನು ಒಂದರ ಪಕ್ಕದ್ದನ್ನು ಬಿಗಿಯದೆ, ಎದುರುಬದುರಾಗಿ ಒಂದೇ ಸಮ ಬಿಗಿಯಬೇಕೆನ್ನುವುದೂ ಇದಕ್ಕೇ.

ತಪ್ಪು ಕಲ್ಪನೆ: ಹೊಸ ಡಿಸ್ಕಿನ ಎಣ್ಣೆಯನ್ನು ಡೀಸೆಲ್ ಬಟ್ಟೆಯಲ್ಲಿ ಒರೆಸಿದರೆ ಆಯಿತು.

ಸತ್ಯ: ತುಕ್ಕು ಹಿಡಿಯದಿರಲೆಂದು ಹಚ್ಚಿದ ಎಣ್ಣೆ ಹೋಗಿ ಡೀಸೆಲ್ಲಿನ ಜಿಡ್ಡು ಉಳಿಯುತ್ತದೆ, ಅಷ್ಟೇ. ಅದನ್ನು ಪ್ಯಾಡು ಹೀರಿಕೊಂಡರೆ ಪ್ಯಾಡೇ ಕೆಟ್ಟಂತೆ. ಬ್ರೇಕ್ ಕ್ಲೀನರ್ ಬಳಸಬೇಕು. ಅದು ಸಿಗದಿದ್ದರೆ ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ ಕೂರಿಸಬೇಕು. ಆಮೇಲೆ ಡಿಸ್ಕನ್ನು ಬರಿಗೈಯಲ್ಲಿ ಮುಟ್ಟಬಾರದು.

ತಪ್ಪು ಕಲ್ಪನೆ: ವಾಸನೆ ಬಂದರೆ ಬ್ರೇಕ್ ಸುಟ್ಟುಹೋಯಿತು.

ಸತ್ಯ: ಪಳಗಿಸುವಾಗ ರಾಳದ ವಾಸನೆ ಸ್ವಲ್ಪ ಬರುವುದು ಸಹಜ. ಆದರೆ ಹೊಗೆ ಎದ್ದರೆ, ಇಲ್ಲವೇ ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಅಲ್ಲಿಗೇ ಬಿಡಬೇಕು. ಹಳೆಯ ಬ್ರೇಕ್ ಆಯಿಲ್ ಕುದಿಯುತ್ತಿರಬಹುದು. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದು. ತೇವ ಹೀರಿಕೊಂಡ ಮೇಲೆ ಆ ಮಿತಿ 155 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ.

ತಪ್ಪು ಕಲ್ಪನೆ: ಡಿಸ್ಕ್ ಹೊಸದಾದರೆ ಸಾಕು, ಹಳೆಯ ಪ್ಯಾಡೇ ನಡೆಯುತ್ತದೆ.

ಸತ್ಯ: ಹಳೆಯ ಪ್ಯಾಡಿನ ಮೈ ಹಳೆಯ ಡಿಸ್ಕಿನ ಗೀರುಗಳಿಗೆ ತಕ್ಕಂತೆ ಸವೆದಿರುತ್ತದೆ. ಅದು ಹೊಸ ಡಿಸ್ಕಿಗೆ ಸಮನಾಗಿ ಕೂರುವುದಿಲ್ಲ. ಡಿಸ್ಕ್ ಬದಲಿಸಿದರೆ ಪ್ಯಾಡನ್ನೂ ಬದಲಿಸಿ. ಹೊಸ ಪ್ಯಾಡನ್ನು ಹಳೆಯ ಡಿಸ್ಕಿಗೆ ಹಾಕಬಹುದು, ಆದರೆ ಡಿಸ್ಕ್ ನಯವಾಗಿರಬೇಕು. ಅದರ ಮೇಲೆಯೇ ಅಚ್ಚೊತ್ತಿರುವ ಕನಿಷ್ಠ ದಪ್ಪಕ್ಕಿಂತ ಸವೆದಿರಬಾರದು.

ಕೊನೆಗೊಂದು ಮಾತು. ಯಲ್ಲಮ್ಮನ ಜಾತ್ರೆಗೆ ಜನ ಸೇರಿದಾಗ, ಸಂಜೆ ಟ್ರ್ಯಾಕ್ಟರುಗಳು ಮನೆಗೆ ಮರಳುವಾಗ ರಸ್ತೆಯಲ್ಲಿ ಈ ಪ್ರಯೋಗ ಬೇಡ. ಖಾಲಿ ರಸ್ತೆ ಸಿಗಲಿಲ್ಲವೆಂದರೆ ಮೊದಲ 300 ಕಿಲೋಮೀಟರ್ ಹದವಾಗಿ ಬ್ರೇಕ್ ಬಳಸುತ್ತಾ ಓಡಿಸಿ. ನಿಧಾನವಾದರೂ ಕೆಲಸ ಆಗುತ್ತದೆ. ಅಷ್ಟು ಓಡಿಸಿದ ಮೇಲೂ ಬ್ರೇಕ್ ಹಿಡಿಯದಿದ್ದರೆ ಕಾಯಬೇಡಿ, ಗಾಲಿ ಬಿಚ್ಚಿಸಿ ನೋಡಿಸಿ.