ಕಚೇರಿಯ ಕೆಲಸವೂ ಬೆನ್ನುನೋವೂ

ದೇಹಶ್ರಮದಿಂದ ನೋವುಂಟಾಗುವುದೆಂಬುದನ್ನು ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಹೊಲದಲ್ಲಿ ದುಡಿದವನಾಗಲಿ, ಮೂಟೆ ಹೊತ್ತವನಾಗಲಿ ಸಂಜೆಗೆ ಬೆನ್ನು ನೀವಿಕೊಂಡರೆ ನೋಡಿದವರು ಮರುಗುವರು. ಆದರೆ ಬೆಳಗಿನಿಂದ ಸಂಜೆಯವರೆಗೆ ಕುರ್ಚಿಯಲ್ಲಿ ಕುಳಿತು ಬಂದ ಗುಮಾಸ್ತನು ಕುತ್ತಿಗೆ ಹಿಡಿದುಕೊಂಡಿದೆಯೆಂದು ಹೇಳಿದರೆ, ನೆರಳಿನಲ್ಲಿ ಕುಳಿತವನಿಗೆ ನೋವೆಂಥದು ಎಂಬ ಮಾತು ಮನೆಯವರ ಬಾಯಿಂದಲೇ ಹೊರಡುವುದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯನ್ನು ಕೇಳುತ್ತ ಬೆಳೆದ ನಾವು, ಕುಳಿತಿರುವುದೆಂದರೆ ಸೋಮಾರಿತನವೆಂದೇ ಭಾವಿಸಿಬಿಟ್ಟಿದ್ದೇವೆ. ಅಲುಗಾಡದೆ ಕುಳಿತಿರುವುದೂ ದೇಹಕ್ಕೆ ಒಂದು ಹೊರೆಯೆಂಬುದನ್ನು ಇನ್ನಾದರೂ ಗ್ರಹಿಸಬೇಕಾಗಿದೆ.

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರನ್ನು ತಳೆದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ಈ ವಿಷಯವು ವಿಶೇಷವಾಗಿ ಯೋಚಿಸತಕ್ಕದ್ದಾಗಿದೆ. ಈ ಊರುಗಳಲ್ಲಿ ತಾಲ್ಲೂಕು ಕಚೇರಿ, ನ್ಯಾಯಾಲಯ, ಬ್ಯಾಂಕುಗಳ ನೌಕರರು ಇದ್ದಾರಲ್ಲದೆ, ರಾಜಧಾನಿಗೆ ದಿನವೂ ಹೋಗಿಬರುವ ಉದ್ಯೋಗಸ್ಥರೂ ಇದ್ದಾರೆ. ಚನ್ನಪಟ್ಟಣದಿಂದ ಬೆಂಗಳೂರಿಗೆ ಸುಮಾರು 60 ಕಿಲೋಮೀಟರು. ಅಷ್ಟು ದೂರವನ್ನು ರೈಲಿನಲ್ಲೋ ಬಸ್ಸಿನಲ್ಲೋ ಕುಳಿತೇ ಕ್ರಮಿಸಿ, ಕಚೇರಿಯಲ್ಲಿ ಎಂಟು ಗಂಟೆ ಕುಳಿತಿದ್ದು, ಮತ್ತೆ ಕುಳಿತೇ ಹಿಂತಿರುಗಿ, ಮನೆಯಲ್ಲಿ ಮೊಬೈಲಿನ ಮೇಲೆ ತಲೆ ಬಾಗಿಸಿ ಕೂರುವವನ ಬೆನ್ನಿಗೆ ದಿನದಲ್ಲಿ ಬಿಡುವು ದೊರೆಯುವುದಾದರೂ ಎಂದು?

ಹಿಂದೆಯೂ ನಮ್ಮಲ್ಲಿ ಬರೆಯುವವರು ಇದ್ದರಷ್ಟೆ. ಗ್ರಾಮದ ಶ್ಯಾನುಭೋಗರು ಚಕ್ಕಂಬಕ್ಕಲ ಹಾಕಿಕೊಂಡು, ಮುಂದೆ ಇಳಿಜಾರಾದ ಬರೆಯುವ ಪೆಟ್ಟಿಗೆಯನ್ನಿಟ್ಟುಕೊಂಡು ಲೆಕ್ಕ ಬರೆದರು. ಅವರಿಗೂ ಹಿಂದಿನವರು ಇದ್ದಿಲು ಮತ್ತು ಹುಣಿಸೆಬೀಜದ ಅಂಟನ್ನು ಬಳಿದು ಕಪ್ಪಾಗಿಸಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆದರು. ಕಚೇರಿಯ ಫೈಲನ್ನು ಇಂದಿಗೂ ನಾವು ಕಡತವೆಂದೇ ಕರೆಯುತ್ತೇವೆ. ಅವರ ಬೆನ್ನೂ ಬಾಗಿಯೇ ಇದ್ದಿತು. ಆದರೆ ಅವರ ಕೆಲಸದೊಳಗೆ ನಡಿಗೆಯೂ ಸೇರಿದ್ದಿತು. ಬೆಳೆಯನ್ನು ದಾಖಲು ಮಾಡಬೇಕಾದರೆ ಹೊಲದ ಬದುವಿನ ಮೇಲೆ ನಡೆದು ಕಣ್ಣಾರೆ ನೋಡಬೇಕಾಗಿದ್ದಿತು. ಜಮಾಬಂದಿಗೆ ಲೆಕ್ಕದ ಪುಸ್ತಕಗಳನ್ನು ಹೊತ್ತು ಹೋಗಬೇಕಾಗಿದ್ದಿತು. ವಂಶಪಾರಂಪರ್ಯದ ಶ್ಯಾನುಭೋಗಿಕೆ 1961ರ ಕಾಯಿದೆಯಿಂದ ಕೊನೆಗೊಂಡಿತು. 2002ರ ಹೊತ್ತಿಗೆ ‘ಭೂಮಿ’ ಯೋಜನೆಯ ಮೂಲಕ ಕೈಬರಹದ ಪಹಣಿಯ ಸ್ಥಾನವನ್ನು ಕಂಪ್ಯೂಟರ್ ಪಹಣಿಯು ಪಡೆಯಿತು. ಇದರಿಂದ ರೈತನಿಗಾದ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ದಾಖಲೆಯ ಕೋಣೆಗೆ ಹೋಗಿ ಕಟ್ಟು ಬಿಚ್ಚಿ ತರುವುದು, ಸಾಹೇಬರ ಸಹಿಗಾಗಿ ಮಹಡಿ ಹತ್ತುವುದು ಮುಂತಾದ ಸಣ್ಣಪುಟ್ಟ ಓಡಾಟಗಳು ಕಡಮೆಯಾಗುತ್ತ ಬಂದು, ಕಡತವೇ ಕುಳಿತವನ ಕಣ್ಣೆದುರಿನ ತೆರೆಗೆ ಬರತೊಡಗಿತು. ಕಾಲವ್ಯಯವೆಂದು ನಾವು ತೆಗೆದುಹಾಕಿದ ಆ ಓಡಾಟವೇ ನೌಕರನ ಬೆನ್ನಿಗೆ ವಿಶ್ರಾಂತಿಯಾಗಿದ್ದಿತೆಂಬುದನ್ನು ಯಾರೂ ಎಣಿಸಲಿಲ್ಲ.

ಇದರ ಕಾರಣವು ಶರೀರದ ರಚನೆಯಲ್ಲಿಯೇ ಇದೆ. ಕುತ್ತಿಗೆಯಲ್ಲಿ 7, ಬೆನ್ನಿನಲ್ಲಿ 12, ಸೊಂಟದಲ್ಲಿ 5 ಮಣಿಗಳು ಒಂದರ ಮೇಲೊಂದು ನಿಂತಿದ್ದು, ಅವುಗಳ ನಡುವೆ ಮೆತ್ತೆಗಳಿವೆ. ಪ್ರಾಯಕ್ಕೆ ಬಂದವರಲ್ಲಿ ಈ ಮೆತ್ತೆಗಳ ಒಳಭಾಗಕ್ಕೆ ರಕ್ತನಾಳಗಳು ಹೋಗುವುದಿಲ್ಲ. ನೆರೆಯ ಮೂಳೆಗಳಿಂದ ಒಸರಿ ಬರುವ ದ್ರವದಿಂದಲೇ ಅವು ಪೋಷಣೆ ಪಡೆಯಬೇಕು. ಮೆತ್ತೆಯು ಒತ್ತಲ್ಪಟ್ಟು ಮತ್ತೆ ಸಡಿಲುವ ಚಲನೆಯು ಅದಕ್ಕೆ ಸಹಾಯಕವಾಗಿದೆ. ಇನ್ನು ತಲೆಯ ಭಾರ ಸುಮಾರು 5 ಕಿಲೋಗ್ರಾಂ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಹಗುರ. ಅದನ್ನೇ ಕೈಚಾಚಿ ಹಿಡಿದರೆ ಕ್ಷಣಮಾತ್ರದಲ್ಲಿ ತೋಳು ಸೋಲುವುದು. ತಲೆಯನ್ನು ಮುಂದಕ್ಕೆ ಚಾಚಿ ಗಂಟೆಗಟ್ಟಲೆ ಕುಳಿತವನ ಕುತ್ತಿಗೆಯ ಸ್ನಾಯುಗಳ ಪಾಡೂ ಇದೇ. ನೆಟ್ಟಗೆ ಕುಳಿತರೆ ಸಾಕೆಂದು ಹಲವರು ತಿಳಿದಿರುವರು. ನೆಟ್ಟಗೆ ಕುಳಿತರೂ ಒಂದೇ ಭಂಗಿಯಲ್ಲಿ ಬಹುಕಾಲವಿದ್ದರೆ ಬೆನ್ನು ದಣಿಯುವುದು. ಭಂಗಿಯ ತಪ್ಪಿಗಿಂತ ನಿಶ್ಚಲತೆಯ ತಪ್ಪು ದೊಡ್ಡದು.

ಇದು ನಿನ್ನೆ ಮೊನ್ನೆ ಕಂಡುಹಿಡಿದ ಸಂಗತಿಯಲ್ಲ. ಇಟಲಿಯ ವೈದ್ಯನಾದ ಬರ್ನಾರ್ಡಿನೋ ರಾಮಾಜಿನಿಯು ಕಸುಬುದಾರರ ರೋಗಗಳನ್ನು ಕುರಿತು 1700ರಲ್ಲಿ ಪ್ರಕಟಿಸಿ 1713ರಲ್ಲಿ ವಿಸ್ತರಿಸಿದ ಗ್ರಂಥದಲ್ಲಿ, ಬರಹಗಾರರ ವ್ಯಾಧಿಗಳಿಗೆ ಮೂರು ಕಾರಣಗಳನ್ನು ಕೊಟ್ಟಿದ್ದಾನೆ: ಸದಾ ಕುಳಿತಿರುವುದು, ಕೈಯನ್ನು ಒಂದೇ ರೀತಿಯಲ್ಲಿ ಆಡಿಸುವುದು, ತಪ್ಪಾಗದಂತೆ ಮನಸ್ಸನ್ನು ಬಿಗಿಹಿಡಿದಿರುವುದು. ಲೇಖನಿಯ ಬದಲಿಗೆ ಕೀಲಿಮಣೆ ಬಂದಿದ್ದರೂ ಕಾರಣಗಳು ಅವೇ. 2020ರಲ್ಲಿ ಪ್ರಪಂಚದಲ್ಲಿ ಸುಮಾರು 61.9 ಕೋಟಿ ಜನರಿಗೆ ಸೊಂಟನೋವು ಇದ್ದಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ಅವರೆಲ್ಲರೂ ಗುಮಾಸ್ತರಲ್ಲ, ನಿಜ. ಆದರೆ ಈ ನೋವನ್ನು ಕೇವಲ ನೆವವೆಂದು ತಳ್ಳಿಹಾಕುವವರು ಆ ಸಂಖ್ಯೆಯನ್ನು ಒಮ್ಮೆ ಯೋಚಿಸಿ ನೋಡಲಿ.

ನೋವು ಬಂದವರು ಮೊದಲು ಹಣ ತೆರುವುದು ಬಹುಮಟ್ಟಿಗೆ ನಿರರ್ಥಕವಾದ ಉಪಾಯಗಳಿಗೇ. ಸೊಂಟಪಟ್ಟಿಯನ್ನು ಬಿಗಿಯುವುದು, ಎಳೆತದ ಚಿಕಿತ್ಸೆ ಮಾಡಿಸಿಕೊಳ್ಳುವುದು ಇವೆರಡನ್ನೂ ದೀರ್ಘಕಾಲದ ಸೊಂಟನೋವಿಗೆ ವಾಡಿಕೆಯಾಗಿ ಬಳಸಕೂಡದೆಂದು ಅದೇ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಸೂಚಿಸಿತು; ವ್ಯಾಯಾಮವನ್ನೂ ರೋಗಿಗೆ ಸರಿಯಾದ ತಿಳಿವಳಿಕೆ ಕೊಡುವುದನ್ನೂ ಶಿಫಾರಸು ಮಾಡಿತು. ಹಾಸಿಗೆ ಹಿಡಿದು ಮಲಗುವುದರಿಂದ ಸಾಮಾನ್ಯವಾದ ನೋವು ಬೇಗ ಗುಣವಾಗುವುದಿಲ್ಲ. ಕ್ಷೌರದ ಅಂಗಡಿಯಲ್ಲಿ ಕುತ್ತಿಗೆಯನ್ನು ಥಟ್ಟನೆ ತಿರುಗಿಸಿ ನೆಟಿಕೆ ತೆಗೆಸಿಕೊಳ್ಳುವುದಂತೂ ಅಪಾಯಕರ. ಮೆದುಳಿಗೆ ರಕ್ತವನ್ನೊಯ್ಯುವ ನಾಳವು ಸೀಳಿಹೋಗುವ ಸಂಭವವುಂಟು. ಆರು ದಿನ ಕುಳಿತಿದ್ದು ಭಾನುವಾರ ಸಾವನದುರ್ಗವನ್ನೇರಿ ಲೆಕ್ಕ ಚುಕ್ತಾ ಮಾಡುವೆವೆಂಬವರ ಉತ್ಸಾಹವು ಮೆಚ್ಚತಕ್ಕದ್ದೇ. ಆದರೆ ಬೆನ್ನು ಬಯಸುವುದು ದಿನದಿನದ ಪಾವತಿಯನ್ನು.

ಹಾಗಾದರೆ ಮಾಡತಕ್ಕದ್ದೇನು? ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲುವುದೇ ಮೊದಲನೆಯದು. ಕುಡಿಯುವ ನೀರನ್ನು ಮೇಜಿನ ಮೇಲಿಡದೆ ದೂರದಲ್ಲಿಡುವುದು, ದೂರವಾಣಿಯಲ್ಲಿ ನಿಂತೇ ಮಾತನಾಡುವುದು, ಪಕ್ಕದ ಕೋಣೆಯವರಿಗೆ ಸಂದೇಶ ಕಳುಹಿಸುವ ಬದಲು ಹೋಗಿ ಮಾತನಾಡಿಸುವುದು ಇವು ಖರ್ಚಿಲ್ಲದ ಔಷಧಗಳು. ಎದ್ದಾಗ ಎರಡು ಕೈಗಳನ್ನೂ ಸೊಂಟಕ್ಕೆ ಕೊಟ್ಟು ಹಿತವಾಗಿ ಹಿಂದಕ್ಕೆ ಬಾಗಬೇಕು, ಭುಜಗಳನ್ನು ತಿರುಗಿಸಬೇಕು, ಗಲ್ಲವನ್ನು ಹಿಂದಕ್ಕೆಳೆದು ಕುತ್ತಿಗೆಯನ್ನು ನೀಳಮಾಡಬೇಕು. ಕಂಪ್ಯೂಟರಿನ ತೆರೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ. ತಗ್ಗಾದರೆ ಹಳೆಯ ಗೆಜೆಟ್ಟುಗಳ ನಾಲ್ಕು ಸಂಪುಟಗಳನ್ನು ಅದರ ಕೆಳಗಿಟ್ಟರೂ ಸಾಕು. ನೋಡಿ ಬರೆಯುವ ಕಾಗದವನ್ನು ಮಲಗಿಸದೆ ತೆರೆಯ ಪಕ್ಕದಲ್ಲಿ ಓರೆಯಾಗಿ ನಿಲ್ಲಿಸಬೇಕು. ಪಾದಗಳು ನೆಲಕ್ಕೆ ಮುಟ್ಟದಿದ್ದರೆ ಒಂದು ಮಣೆಯನ್ನೂ, ಸೊಂಟದ ಹಿಂದೆ ಮಡಿಸಿದ ಒಂದು ಟವಲನ್ನೂ ಇಡಬಹುದು. ಇವೆಲ್ಲಕ್ಕೂ ಮಿಗಿಲಾದುದು ನಡಿಗೆ. ಸೊಂಟನೋವಿನಿಂದ ಚೇತರಿಸಿಕೊಂಡ 701 ಮಂದಿಯನ್ನು ಪರೀಕ್ಷಿಸಿ ಆಸ್ಟ್ರೇಲಿಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ವರದಿಯಂತೆ, ಕ್ರಮವಾಗಿ ನಡೆಯುವ ಅಭ್ಯಾಸವನ್ನು ಕಲಿತವರಲ್ಲಿ ನೋವು ಮರುಕಳಿಸುವುದಕ್ಕೆ ನಡುಮಟ್ಟದ ಲೆಕ್ಕದಲ್ಲಿ 208 ದಿನಗಳು ಹಿಡಿದವು. ಉಳಿದವರಲ್ಲಿ 112 ದಿನಗಳು ಮಾತ್ರ.

ಆದರೆ ಎಲ್ಲ ನೋವನ್ನೂ ಕುರ್ಚಿಯ ಮೇಲೆ ಹೊರಿಸಕೂಡದು. ಮಲಮೂತ್ರಗಳ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಕೈಕಾಲುಗಳ ಬಲ ಕುಂದುತ್ತ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸಂಜೆಯ ಜ್ವರ, ಕಾರಣವಿಲ್ಲದೆ ದೇಹ ಇಳಿಯುವುದು, ರಾತ್ರಿಯಲ್ಲಿ ನೋವು ಹೆಚ್ಚುವುದು ಇವು ಬೆನ್ನುಮೂಳೆಯ ಕ್ಷಯ ಮೊದಲಾದ ರೋಗಗಳ ಲಕ್ಷಣಗಳಾಗಬಹುದು. ಬಿದ್ದು ಪೆಟ್ಟಾದ ಮೇಲೆ ಬಂದ ನೋವನ್ನೂ ವೈದ್ಯರಿಗೆ ತೋರಿಸತಕ್ಕದ್ದು.

ಇಷ್ಟನ್ನು ನೌಕರನಿಗೆ ಹೇಳಿದ ಮೇಲೆ ಮೇಲಧಿಕಾರಿಗಳಿಗೂ ಎರಡು ಮಾತು ಹೇಳಬೇಕಾಗಿದೆ. ನಿಂತೇ ದುಡಿಯುವ ಕೆಲಸಗಾರರಿಗೆ ಕೂರುವ ಏರ್ಪಾಡು ಇರತಕ್ಕದ್ದೆಂದು 1948ರ ಕಾರ್ಖಾನೆಗಳ ಕಾಯಿದೆಯ 44ನೆಯ ಪ್ರಕರಣವು ವಿಧಿಸಿತು. ಅಂಗಡಿಗಳಲ್ಲಿ ದಿನವೆಲ್ಲ ನಿಲ್ಲುವವರಿಗೆ ಆಸನವನ್ನು ಕೊಡಬೇಕೆಂದು ಕೇರಳವು 2018ರಲ್ಲಿಯೂ ತಮಿಳುನಾಡು 2021ರಲ್ಲಿಯೂ ಶಾಸನ ಮಾಡಿದವು. ಕೇಂದ್ರದ ಆಯುಷ್ ಸಚಿವಾಲಯವು ಕಚೇರಿಯ ನೌಕರರಿಗಾಗಿ 5 ನಿಮಿಷಗಳ ಯೋಗವಿರಾಮವನ್ನು ಬಳಕೆಗೆ ತಂದಿದೆ. ಆದರೆ ಎದ್ದು ನಿಂತವನನ್ನು ಕೆಲಸಗಳ್ಳನೆಂದು ಕಣ್ಣು ಕೆಂಪಗೆ ಮಾಡಿ ನೋಡುವ ಕಚೇರಿಯಲ್ಲಿ ಐದು ನಿಮಿಷದ ಸುತ್ತೋಲೆಯು ಫಲಿಸುವುದೆಂತು? ಬಾಗಿಲಿನ ಹೊರಗೆ ರೈತರ ಸಾಲು ನಿಂತಿರುವಾಗ ಗುಮಾಸ್ತನು ತಾನಾಗಿ ಏಳುವುದು ಕಷ್ಟ. ಪಾಳಿಯನ್ನು ಗೊತ್ತುಮಾಡಿ, ಒಬ್ಬನು ಎದ್ದಾಗ ಮತ್ತೊಬ್ಬನು ಕಿಟಕಿಯನ್ನು ನೋಡಿಕೊಳ್ಳುವಂತೆ ಏರ್ಪಡಿಸುವುದು ಅಧಿಕಾರಿಯ ಹೊಣೆ.

ಈ ನ್ಯಾಯವು ಕಚೇರಿಗೇ ನಿಲ್ಲಬಾರದು. ರಾಮನಗರದಲ್ಲಿ ಬಿಸಿನೀರಿನ ಬಾನಿಯ ಮುಂದೆ ರೇಷ್ಮೆಯೆಳೆಯ ಮೇಲೆಯೇ ಕಣ್ಣಿಟ್ಟು ಬಾಗಿರುವವರೂ, ಚನ್ನಪಟ್ಟಣದಲ್ಲಿ ಆಲೆ ಮರವನ್ನು ಕಡೆದು ಅರಗಿನ ಬಣ್ಣವಿಡುವವರೂ ನಮ್ಮ ಗುಮಾಸ್ತರಿಗಿಂತ ಕಡಮೆ ಬಾಗುವುದಿಲ್ಲ. ಅವರಿಗೆ ಸುತ್ತೋಲೆಯೂ ಇಲ್ಲ, ರಜೆಯೂ ಇಲ್ಲ. ನಿಂತು ದಣಿದವನಿಗೆ ಕೂರಲು ಸ್ಥಳವನ್ನು ಕೊಟ್ಟ ಸಮಾಜವು, ಕುಳಿತು ದಣಿದವನಿಗೆ ಏಳಲು ಬಿಡುವನ್ನು ಕೊಡಲಿ. ಆ ಐದು ನಿಮಿಷಗಳನ್ನು ಕೆಲಸದಿಂದ ಕಳೆದ ಕಾಲವೆಂದಲ್ಲ, ಕೆಲಸದ ಭಾಗವೆಂದೇ ಲೆಕ್ಕಕ್ಕೆ ಹಿಡಿಯತಕ್ಕದ್ದು.