ಹೊಸ ಕಿಲೋಗ್ರಾಮಿನ ಹಾದಿಯಲ್ಲೊಂದು ಅನಿಲ

ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಶೀಲೆ 1771ರಲ್ಲಿ ಫ್ಲೋರ್‌ಸ್ಪಾರ್ ಖನಿಜಕ್ಕೆ ಸಲ್ಫ್ಯೂರಿಕ್ ಆಮ್ಲ ಬೆರೆಸಿ ಕಾಯಿಸಿದಾಗ, ಗಾಜಿನ ಪಾತ್ರೆಯ ಒಳಮೈಯೇ ಸವೆದುಹೋಯಿತು. ಮೇಲೆದ್ದ ಆವಿ ನೀರನ್ನು ತಾಕಿದಲ್ಲಿ ಬಿಳಿ ಸಿಲಿಕಾ ಹೆಪ್ಪುಗಟ್ಟಿತು. ಗಾಜಿನಲ್ಲಿದ್ದ ಸಿಲಿಕಾನ್ ಫ್ಲೋರಿನ್ ಜೊತೆ ಸೇರಿ ಅನಿಲವಾಗಿ ಹೊರಟಿತ್ತು. ಅದೇ ಸಿಲಿಕಾನ್ ಟೆಟ್ರಾಫ್ಲೋರೈಡ್.

ಮರಳು ಕರಗಬೇಕಾದರೆ ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಬೇಕು. ಅದೇ ಮರಳಿನ ಅರೆಲೋಹ ನಾಲ್ಕು ಫ್ಲೋರಿನ್ ಪರಮಾಣುಗಳೊಂದಿಗೆ ಬೆಸೆದುಕೊಂಡರೆ ಕೋಣೆಯ ಉಷ್ಣತೆಯಲ್ಲೇ ಅನಿಲ! ಅಣುವಿನೊಳಗಿನ ಬಂಧಗಳು ಬಹಳ ಗಟ್ಟಿ. ಆದರೆ ನಾಲ್ಕು ಮೂಲೆಗೆ ಸಮನಾಗಿ ಚಾಚಿಕೊಂಡ ಅಣುಗಳು ಪರಸ್ಪರ ಸೆಳೆದುಕೊಳ್ಳುವುದು ಅತ್ಯಲ್ಪ.

ಈ ಗುಣದ ಅತಿ ಸುಂದರ ಬಳಕೆ ಕಂಡದ್ದು ಕಿಲೋಗ್ರಾಮಿಗೆ ಹೊಸ ವ್ಯಾಖ್ಯೆ ಹುಡುಕುವಾಗ. 1889ರಿಂದ ಪ್ಯಾರಿಸ್ ಬಳಿ ಕಾಪಾಡಿಕೊಂಡು ಬಂದ ಪ್ಲಾಟಿನಂ-ಇರಿಡಿಯಂ ತುಂಡೊಂದೇ ಜಗತ್ತಿನ ಕಿಲೋಗ್ರಾಂ ಆಗಿತ್ತು. ಅದರ ಬದಲು ಸಿಲಿಕಾನ್ ಗೋಳವೊಂದರ ಪರಮಾಣುಗಳನ್ನೇ ಎಣಿಸಲು ವಿಜ್ಞಾನಿಗಳು ಹೊರಟರು. ತೊಡಕೊಂದಿತ್ತು: ನಿಸರ್ಗದ ಸಿಲಿಕಾನಿನಲ್ಲಿ ಮೂರು ಬಗೆಯ ಪರಮಾಣುಗಳು, ಅಂದರೆ ಮೂರು ಐಸೊಟೋಪುಗಳಿವೆ. ದ್ರವ್ಯರಾಶಿ 28ರದ್ದು ಶೇ 92ರಷ್ಟು. ಉಳಿದವು 29 ಮತ್ತು 30. ಮಿಶ್ರಣದ ಪ್ರಮಾಣವನ್ನು ಸಾಕಷ್ಟು ನಿಖರವಾಗಿ ಅಳೆಯಲಾಗದೆ ಎಣಿಕೆ ಕೈಕೊಡುತ್ತಿತ್ತು.

ಹಾಗಾಗಿ ರಷ್ಯಾದಲ್ಲಿ ಸಿಲಿಕಾನನ್ನು ಟೆಟ್ರಾಫ್ಲೋರೈಡ್ ಅನಿಲವಾಗಿಸಿ, ಅತಿವೇಗದಲ್ಲಿ ತಿರುಗುವ ಸೆಂಟ್ರಿಫ್ಯೂಜ್‌ಗಳಿಗೆ ಬಿಟ್ಟರು. ಭಾರದ ಅಣುಗಳು ಗೋಡೆಯತ್ತ ಸರಿದವು, ಹಗುರವಾದವು ಒಳಗುಳಿದವು. ಫ್ಲೋರಿನ್ನೇ ಏಕೆ? ನಿಸರ್ಗದಲ್ಲಿ ಫ್ಲೋರಿನ್‌ಗೆ ಒಂದೇ ಸ್ಥಿರ ಐಸೊಟೋಪು. ಆದ್ದರಿಂದ ಅಣುಗಳ ತೂಕದಲ್ಲಿ ಕಾಣುವ ವ್ಯತ್ಯಾಸವೆಲ್ಲ ಸಿಲಿಕಾನಿನದ್ದೇ. ಕ್ಲೋರಿನ್ ಆಗಿದ್ದರೆ ಅದರ ಎರಡು ಐಸೊಟೋಪುಗಳು ಲೆಕ್ಕವನ್ನು ಕಲಸುತ್ತಿದ್ದವು. ಯುರೇನಿಯಂ ಸಂವರ್ಧನೆಗೂ ಫ್ಲೋರೈಡನ್ನೇ ನೆಚ್ಚಲು ಇದೂ ಒಂದು ಕಾರಣ.

ಶುದ್ಧ ಅನಿಲವನ್ನು ಕ್ಯಾಲ್ಸಿಯಂ ಹೈಡ್ರೈಡ್ ಜೊತೆ ವರ್ತಿಸಗೊಟ್ಟಾಗ ಸಿಲಿಕಾನ್ ಮತ್ತು ಹೈಡ್ರೋಜನ್ ಸೇರಿದ ಸಿಲೇನ್ ದೊರಕಿತು. ಬಿಟ್ಟುಹೋದ ಫ್ಲೋರಿನ್ ಕ್ಯಾಲ್ಸಿಯಂ ಫ್ಲೋರೈಡ್ ಆಯಿತು. ರಾಸಾಯನಿಕವಾಗಿ ಅದು ಫ್ಲೋರ್‌ಸ್ಪಾರೇ! ಸಿಲೇನ್‌ನಿಂದ ಬಂದ ಸಿಲಿಕಾನನ್ನು ಬರ್ಲಿನ್ನಿನಲ್ಲಿ ಒಂದೇ ಹರಳಾಗಿ ಬೆಳೆಸಿದರು. ಆಸ್ಟ್ರೇಲಿಯಾದ ಕುಶಲಿಗಳು ಅದರಿಂದ ಸುಮಾರು 94 ಮಿಲಿಮೀಟರ್ ವ್ಯಾಸದ, ಒಂದು ಕಿಲೋ ತೂಗುವ ಗೋಳಗಳನ್ನು ಉಜ್ಜಿ ಹೊಳೆಯಿಸಿದರು. ದ್ರವ್ಯರಾಶಿ 28ರ ಪರಮಾಣುಗಳ ಪಾಲು ಶೇ 99.99 ದಾಟಿತ್ತು.

ಮುಂದಿನದು ತಾಳ್ಮೆಯ ಅಳತೆ. ಎಕ್ಸ್-ಕಿರಣದಿಂದ ಪರಮಾಣುಗಳ ಅಂತರ, ಲೇಸರ್‌ನಿಂದ ಗೋಳದ ವ್ಯಾಸ, ಜೊತೆಗೆ ಮೇಲ್ಮೈಯಲ್ಲಿ ಕಟ್ಟಿಕೊಂಡ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರ, ಎಲ್ಲವೂ ಲೆಕ್ಕಕ್ಕೆ ಸೇರಿದವು. ಈ ಎಣಿಕೆ ಕಿಬಲ್ ತಕ್ಕಡಿ ಎಂಬ ಬೇರೆಯೇ ವಿಧಾನದ ಫಲಿತಾಂಶಕ್ಕೆ ತಾಳೆಯಾಯಿತು. 2019ರ ಮೇ 20ರಂದು ಹೊಸ ಕಿಲೋಗ್ರಾಂ ಜಾರಿಗೆ ಬಂತು.