ನಮ್ಮ ಬೋರಿನ ನೀರಾಗ ಏನೈತಿ?

ಅಕ್ಕತಂಗಿಯರೇ, ಬಾಗಲವಾಡದಂಥ ಊರಿನಲ್ಲಿ ಕೊಡ ಹೊತ್ತು ನೀರು ತರುವವರು ಯಾರು? ನಾವೇ. ಯಾವ ನೀರಿಗೆ ಬ್ಯಾಳಿ ಬೇಯುತ್ತದೆ, ಯಾವ ನೀರಿಗೆ ಬೇಯುವುದಿಲ್ಲ ಎಂಬುದು ನಮಗೇ ಚೆನ್ನಾಗಿ ಗೊತ್ತು. "ಈ ಬೋರಿನ ನೀರು ಸವುಳು, ಆ ಬಾವಿ ನೀರು ಸಿಹಿ" ಅಂತ ಒಂದು ಗುಟುಕು ಕುಡಿದು ಹೇಳಿಬಿಡುತ್ತೇವೆ. ಆದರೆ ನಮ್ಮ ನಾಲಿಗೆಗೂ ಸಿಗದ ಒಂದು ವಸ್ತು ನಮ್ಮ ಸೀಮೆಯ ಎಷ್ಟೋ ಬೋರುಗಳ ನೀರಿನಲ್ಲಿದೆ. ಅದರ ಹೆಸರು ಫ್ಲೋರೈಡ್. ಅದನ್ನು ತಿಳಿಯುವ ಮೊದಲು ನೀರಿನ ಗುಣ ತಿಳಿಯೋಣ.

ಜಲಜನಕ ಎರಡು ಪಾಲು, ಆಮ್ಲಜನಕ ಒಂದು ಪಾಲು ಕೂಡಿದರೆ ನೀರು. ಇವೆರಡೂ ಕಣ್ಣಿಗೆ ಕಾಣದ ಅನಿಲಗಳು. ನೀರಿನ ದೊಡ್ಡ ಗುಣ ಎಂದರೆ ಕರಗಿಸುವುದು. ಉಪ್ಪು ಹಾಕಿದರೆ ಕರಗಿಸುತ್ತದೆ. ಬೆಲ್ಲ ಹಾಕಿದರೆ ಕರಗಿಸುತ್ತದೆ. ಕಲ್ಲನ್ನೂ ಕರಗಿಸುತ್ತದೆ. ಹೌದು, ಕಲ್ಲನ್ನೂ! ಮಳೆ ಹನಿ ಬೀಳುವಾಗ ಗಾಳಿಯಲ್ಲಿರುವ ಇಂಗಾಲದ ಅನಿಲವನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಮಣ್ಣಿನಲ್ಲಿ ಇಳಿಯುವಾಗ ಇನ್ನಷ್ಟು ಹುಳಿಯಾಗುತ್ತದೆ. ಆ ಹುಳಿ ನೀರು ಭೂಮಿಯ ಒಳಗಿನ ಸುಣ್ಣದ ಅಂಶವನ್ನು ಮೆಲ್ಲಗೆ ಕರಗಿಸುತ್ತದೆ. ಹೀಗೆ ಸುಣ್ಣದ ಅಂಶ ಹೆಚ್ಚು ಕೂಡಿದ ನೀರೇ ಗಡಸು ನೀರು.

ಗಡಸು ನೀರಿಗೆ ಸೋಪು ನೊರೆ ಕೊಡುವುದಿಲ್ಲ. ಸೋಪಿನ ಅರ್ಧ ಭಾಗವನ್ನು ಆ ಸುಣ್ಣವೇ ತಿಂದುಬಿಡುತ್ತದೆ. ಅದೇ ಬಟ್ಟೆಯ ಮೇಲೆ ಬೂದು ಬಣ್ಣದ ಜಿಗುಟಾಗಿ ಕೂರುತ್ತದೆ. ಬ್ಯಾಳಿಯನ್ನೂ ಅದು ಬಿಗಿ ಮಾಡುತ್ತದೆ. ಎಷ್ಟು ಕಟ್ಟಿಗೆ ಉರಿಸಿದರೂ ಬ್ಯಾಳಿ ಒಡೆಯುವುದಿಲ್ಲ. ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪರೆ ಕಟ್ಟುತ್ತದಲ್ಲ, ಅದೂ ಇದೇ ಸುಣ್ಣ. ಆ ಪರೆಯ ಮೇಲೆ ನಿಂಬೆ ಹಣ್ಣು ಹಿಂಡಿ ನೋಡಿ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಹುಳಿ ಸುಣ್ಣವನ್ನು ಕರಗಿಸುವ ಗುರುತು ಅದು.

ನಿಂಬೆ, ಹುಣಸೆ, ಮಜ್ಜಿಗೆ, ಪುಂಡಿಪಲ್ಯ ಇವೆಲ್ಲ ಹುಳಿ. ಇವುಗಳಲ್ಲಿ ಆಮ್ಲ ಇದೆ. ಸುಣ್ಣ, ಬೂದಿ, ಸೋಪು, ಬಟ್ಟೆ ಸೋಡಾ ಇವುಗಳ ಜಾತಿ ಬೇರೆ. ಮುಟ್ಟಿದರೆ ಕೈ ಜಾರುತ್ತದೆ. ಇವು ಕ್ಷಾರ. ಆಮ್ಲ, ಕ್ಷಾರ ಎರಡೂ ಒಂದರ ಗುಣವನ್ನು ಒಂದು ಇಳಿಸುತ್ತವೆ. ಇವನ್ನು ಗುರುತಿಸಲು ದೊಡ್ಡ ಪ್ರಯೋಗಶಾಲೆ ಬೇಡ. ಆರತಿ ತಟ್ಟೆಯ ನೀರು ಕೆಂಪಾಗುವುದು ಹೇಗೆ? ಅರಿಶಿನದ ನೀರಿಗೆ ಚೂರು ಸುಣ್ಣ ಹಾಕುತ್ತೇವೆ. ಹಳದಿ ಹೋಗಿ ಕೆಂಪಾಗುತ್ತದೆ. ಕುಂಕುಮ ಮಾಡುವ ಹಳೇ ರೀತಿಯೂ ಇದೇ. ಬಿಳಿ ಸೀರೆಯ ಅರಿಶಿನದ ಕಲೆಗೆ ಸೋಪು ಹಚ್ಚಿದರೂ ಹೀಗೆಯೇ ಕೆಂಪಾಗುತ್ತದೆ. ಆ ಕೆಂಪು ನೀರಿಗೆ ನಿಂಬೆ ರಸ ಹಾಕಿದರೆ ಮತ್ತೆ ಹಳದಿ! ಎಷ್ಟೋ ತಲೆಮಾರಿನಿಂದ ನಮ್ಮ ತಾಯಂದಿರು ಮಾಡಿಕೊಂಡು ಬಂದ ರಸಾಯನ ಶಾಸ್ತ್ರ ಇದು.

ಆಮ್ಲ ಎಷ್ಟು, ಕ್ಷಾರ ಎಷ್ಟು ಎಂದು ಅಳೆಯಲು ಒಂದು ಅಳತೆ ಇದೆ. ಅದಕ್ಕೆ ಪಿ.ಎಚ್. ಎನ್ನುತ್ತಾರೆ. ಅದು 0 ಯಿಂದ 14 ರ ವರೆಗೆ ಇರುತ್ತದೆ. ನಡುವಿನ 7 ಎಂದರೆ ಎರಡೂ ಅಲ್ಲ, ಸಮ. 7 ಕ್ಕಿಂತ ಕಡಿಮೆ ಇದ್ದರೆ ಆಮ್ಲ. ಹೆಚ್ಚು ಇದ್ದರೆ ಕ್ಷಾರ. ನಿಂಬೆ ರಸ ಸುಮಾರು 2, ಸುಣ್ಣದ ತಿಳಿ ಸುಮಾರು 12. ಕುಡಿಯುವ ನೀರು 6.5 ರಿಂದ 8.5 ರ ಒಳಗಿರಬೇಕು.

ಇಲ್ಲಿ ಒಂದು ಮಾತು ಹೇಳಲೇಬೇಕು. ಎಲೆ ಅಡಿಕೆಯ ಸುಣ್ಣದ ಡಬ್ಬಿ ಮಕ್ಕಳ ಕೈಗೆ ಸಿಗಬಾರದು. ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಬಿದ್ದರೆ ಶುದ್ಧ ನೀರಿನಿಂದ ಬಿಡದೆ ಅರ್ಧ ಗಂಟೆ ತೊಳೆದು ದವಾಖಾನೆಗೆ ಓಡಿ. ಸುಣ್ಣಕ್ಕೆ ಹುಳಿ ಮದ್ದು ಎಂದು ಕಣ್ಣಿಗೆ ನಿಂಬೆ ರಸ ಬಿಡಬೇಡಿ.

ಈಗ ಫ್ಲೋರೈಡಿನ ಮಾತು. ನಮ್ಮದು ಎಡದೊರೆ ನಾಡು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಆದರೂ ಕಾಲುವೆ ನೀರು ಸಿಗದ ಊರುಗಳಲ್ಲಿ ಬೋರೇ ಗತಿ. ಭೂಮಿಯ ಒಳಗಿನ ಕಗ್ಗಲ್ಲಿನಲ್ಲಿ ಫ್ಲೋರೈಡ್ ಇದೆ. ನೀರು ಆಳದಲ್ಲಿ ಬಹಳ ಕಾಲ ನಿಂತಷ್ಟೂ ಅದನ್ನು ಕರಗಿಸಿಕೊಳ್ಳುತ್ತದೆ. ಮಾನ್ವಿ, ದೇವದುರ್ಗ, ಲಿಂಗಸುಗೂರು ಕಡೆಯ ಹಲವು ಊರುಗಳ ಬೋರಿನ ನೀರಿನಲ್ಲಿ ಇದು ಮಿತಿ ಮೀರಿ ಸಿಕ್ಕಿದೆ.

ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5 ರ ವರೆಗೆ ನಡೆಯುತ್ತದೆ. ಅಂದರೆ ಸಾವಿರ ಲೀಟರಿನ ಸಿಂಟೆಕ್ಸ್ ತುಂಬಾ ನೀರಿಗೆ ಒಂದೂವರೆ ಗ್ರಾಂ. ಎರಡು ಮೂರು ಚಿಟಿಕೆ ಉಪ್ಪಿನ ತೂಕ ಅಷ್ಟೇ! ಅದಕ್ಕಿಂತ ಹೆಚ್ಚಾದ ನೀರನ್ನು ಸಣ್ಣ ಮಕ್ಕಳು ಕುಡಿದು ಬೆಳೆದರೆ ಹೊಸದಾಗಿ ಬರುವ ಹಲ್ಲಿನ ಮೇಲೆ ಹಳದಿ, ಕಂದು ಗೆರೆ ಮೂಡುತ್ತವೆ. ಎಷ್ಟು ಬೂದಿ ಹಚ್ಚಿ ತಿಕ್ಕಿದರೂ ಹೋಗುವುದಿಲ್ಲ. ಹುಡುಗಿ ಹಲ್ಲು ತಿಕ್ಕುವುದಿಲ್ಲ ಎಂದು ಬೈಯುವುದು ತಪ್ಪು. ಬಹಳ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊಳಕಾಲು, ಸೊಂಟ, ಕುತ್ತಿಗೆ ಬಿಗಿಯುತ್ತವೆ. ಕೆಲವರ ಬೆನ್ನು ಬಾಗುತ್ತದೆ. ಬಾಗಿದ್ದನ್ನು ನೆಟ್ಟಗೆ ಮಾಡುವ ಔಷಧ ಇಲ್ಲ. ಅದಕ್ಕೇ ಮೊದಲೇ ನೀರು ಬದಲಿಸಬೇಕು.

"ನಮ್ಮ ಬೋರಿನ ನೀರು ಸಿಹಿ ಐತ್ರಿ, ಬ್ಯಾಳಿ ಬೆಣ್ಣಿಯಂಗ ಬೇಯ್ತಾವ. ನಮಗ್ಯಾಕ ಭಯ?" ಎಂದು ಒಬ್ಬ ಅಕ್ಕ ಕೇಳಬಹುದು. ಅಲ್ಲೇ ಇರುವುದು ಮೋಸ. ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರಿಸುತ್ತದೆ. ಸುಣ್ಣ ಕಡಿಮೆ ಇದ್ದು ನೀರು ಕ್ಷಾರದ ಕಡೆಗಿದ್ದರೆ ಫ್ಲೋರೈಡ್ ನೀರಿನಲ್ಲೇ ಉಳಿಯುತ್ತದೆ. ಹಾಗಾಗಿ ನೊರೆ ಚೆನ್ನಾಗಿ ಬರುವ ಮೆದು ನೀರಿನಲ್ಲೇ ಅನೇಕ ಕಡೆ ಫ್ಲೋರೈಡ್ ಹೆಚ್ಚು.

"ಕುದಿಸಿ ಕುಡಿದರ?" ಕುದಿಸಿದರೆ ವಾಂತಿ ಭೇದಿಯ ರೋಗಾಣು ಸಾಯುತ್ತವೆ. ಅದು ಬಹಳ ಒಳ್ಳೆಯದು. ಆದರೆ ಫ್ಲೋರೈಡ್ ಆವಿಯಾಗಿ ಹೋಗುವುದಿಲ್ಲ. ನೀರು ಇಂಗಿದಷ್ಟೂ ಉಳಿದ ನೀರಿನಲ್ಲಿ ಅದು ದಟ್ಟವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಇಂಥ ಬೋರಿನ ನೀರನ್ನು ಬಟ್ಟೆಗೆ, ಸ್ನಾನಕ್ಕೆ, ದನಗಳ ಮೈ ತೊಳೆಯಲು ಬಳಸಬಹುದು. ಕುಡಿಯಲು, ಅಡುಗೆಗೆ ಮಾತ್ರ ಬೇಡ. ಅದಕ್ಕೆ ಶುದ್ಧ ಮಾಡಿದ ಹೊಳೆ ನೀರು, ಚೊಕ್ಕ ಮಾಡಿದ ಮಾಳಿಗೆಯಿಂದ ಹಿಡಿದ ಮಳೆ ನೀರು, ಇಲ್ಲವೇ ಊರಿನ ಶುದ್ಧ ನೀರಿನ ಘಟಕದ ನೀರು ಆಗುತ್ತದೆ. ಘಟಕ ಇದ್ದರೆ ಸಾಲದು, ಅದರ ಸೋಸುವ ಭಾಗವನ್ನು ಹೊತ್ತಿಗೆ ಸರಿಯಾಗಿ ಬದಲಿಸಿದ್ದಾರೋ ಇಲ್ಲವೋ ಕೇಳಬೇಕು. ಮಕ್ಕಳಿಗೆ ಹಾಲು, ರಾಗಿ, ನುಗ್ಗೆ ಸೊಪ್ಪು ಕೊಡಿ.

ಹಾಗಾದರೆ ಫ್ಲೋರೈಡ್ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಪರೀಕ್ಷೆ ಒಂದೇ ದಾರಿ. 2019 ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐದು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸಬೇಕು ಎಂದಿದೆ. ಇದಕ್ಕೆ ಒಂದು ಪೆಟ್ಟಿಗೆ ಇರುತ್ತದೆ. ಸಣ್ಣ ಸೀಸೆಗೆ ನೀರು ಹಾಕಿ, ಹೇಳಿದಷ್ಟು ಹನಿ ಮದ್ದು ಬಿಟ್ಟರೆ ಬಣ್ಣ ಬರುತ್ತದೆ. ಆ ಬಣ್ಣವನ್ನು ಪೆಟ್ಟಿಗೆಯ ಪಟ್ಟಿಯ ಜೊತೆ ಹಿಡಿದು ನೋಡಿ ಪಕ್ಕದ ಅಂಕಿ ಓದಬೇಕು. 0.5, 1.0, 1.5 ಇಂಥ ಅಂಕಿಗಳು. ಅಂಕಿ ಓದಲು ಈಗ ನಮಗೆ ಬರುತ್ತದಲ್ಲ! ಪಂಚಾಯಿತಿಗೆ ಹೋಗಿ ಹೀಗೆ ಕೇಳಿ:

"ನಮ್ಮೂರ ಪೆಟ್ಟಿಗಿ ಎಲ್ಲೈತ್ರಿ? ನಮ್ಮ ಓಣಿ ಬೋರಿನ ಫ್ಲೋರೈಡ್ ಎಷ್ಟೈತ್ರಿ?"

ಅಂಕಿ 1.5 ದಾಟಿದರೆ ಅದೇ ನೀರನ್ನು ಜಿಲ್ಲೆಯ ಪ್ರಯೋಗಾಲಯಕ್ಕೆ ಕಳಿಸಿ ಮತ್ತೊಮ್ಮೆ ನೋಡಿಸಲು ಹೇಳಿ. ಬಂದ ಅಂಕಿಯನ್ನು, ತಾರೀಖು ಸಮೇತ, ಬೋರಿನ ಕಟ್ಟೆಯ ಮೇಲೆ ಬಣ್ಣದಲ್ಲಿ ಬರೆಸಿ. ಮಳೆಗಾಲದ ನಂತರ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಪರೀಕ್ಷೆ ಆಗಬೇಕು. ನೀರಿನ ಮಟ್ಟ ಇಳಿದಾಗ ಅಂಕಿ ಬದಲಾಗುತ್ತದೆ.